ಸುಮ್ಮನೆ ಕೂತವರ ಪಟ್ಟಿ

ಈಗ ಮೇಜಿಗೊಂದು ಕಂಪ್ಯೂಟರು, ಜೇಬಿಗೊಂದು ಕಂಪ್ಯೂಟರು. ಯಾವುದು ಕೆಟ್ಟರೂ ಯಾರಿಗೂ ದುಃಖವಿಲ್ಲ, ಇನ್ನೊಂದು ತಂದರಾಯಿತು. ಆದರೆ ಇಡೀ ಆಫೀಸಿಗೆ ಒಂದೇ ಒಂದು ಸರ್ವರ್ ಇದ್ದ ಕಾಲವೊಂದಿತ್ತು. ಅದಕ್ಕೆ ಪ್ರತ್ಯೇಕ ಕೋಣೆ, ಕೋಣೆಗೆ ಬೀಗ, ಬೀಗಕ್ಕೆ ಒಬ್ಬ ಮನುಷ್ಯ. ಸೊಂಟದಲ್ಲಿ ಆ ಬೀಗದ ಕೈ ನೇತಾಡುತ್ತಿದ್ದರೆ ಮನುಷ್ಯನ ನಡಿಗೆಯೇ ಬೇರೆಯಾಗುತ್ತಿತ್ತು. ನಮ್ಮ ಅಳಿಯನ ನಡಿಗೆ ಹಾಗೆ ಬೇರೆಯಾದದ್ದು.

ಅಳಿಯ ಎಂದರೆ ನಿಮ್ಮ ಅಳಿಯನೂ ಅಲ್ಲ, ನನ್ನ ಅಳಿಯನೂ ಅಲ್ಲ. ಬಸ್ ಕಂಪನಿಯ ವೇಳಾಪಟ್ಟಿ ವಿಭಾಗದ ಗುಮಾಸ್ತ. ಅದೇ ವಿಭಾಗದಲ್ಲಿ ಮೂವತ್ತೆರಡು ವರ್ಷದಿಂದ ಬಸ್ಸುಗಳ ವೇಳೆ ಕಟ್ಟುತ್ತಿದ್ದ ಹಿರಿಯರು ತಮ್ಮ ಮಗಳನ್ನು ಅವನಿಗೆ ಕೊಟ್ಟಿದ್ದರು. ಅವತ್ತಿನಿಂದ ಇಡೀ ಆಫೀಸಿಗೆ ಅವರು ಮಾವ, ಇವನು ಅಳಿಯ. ಗೇಟಿನ ಕಾವಲುಗಾರನೂ ಇವನನ್ನು ಅಳಿಯ ಅಂತಲೇ ಕರೆಯುತ್ತಿದ್ದ. ಮ್ಯಾನೇಜರು ಕಾಗದದಲ್ಲಿ ಮಾತ್ರ ನಿಜವಾದ ಹೆಸರು ಬರೆಯುತ್ತಿದ್ದರು, ಅದೂ ಯಾರನ್ನಾದರೂ ಕೇಳಿಕೊಂಡು.

ಆಫೀಸು ಡಿಪೋದ ಮಹಡಿಯ ಮೇಲಿತ್ತು. ಕೆಳಗೆ ಬಸ್ಸುಗಳು ಹಿಂದೆ ಮುಂದೆ ಆಡುವ ಅಂಗಳ, ಡೀಸೆಲ್ ವಾಸನೆ, ರಿಪೇರಿ ಶೆಡ್ಡಿನ ಸುತ್ತಿಗೆ ಸದ್ದು. ಮೇಲೆ ಹನ್ನೊಂದು ಮೇಜು, ಮೇಜಿನ ಮೇಲೆ ಹಸಿರು ಅಕ್ಷರದ ಹನ್ನೊಂದು ಪರದೆ. ಅವುಗಳ ತಂತಿಗಳೆಲ್ಲ ಗೋಡೆಗುಂಟ ಹರಿದು ಮೂಲೆಯ ಸರ್ವರ್ ಕೋಣೆಗೆ ಸೇರುತ್ತಿದ್ದವು. ಸರ್ವರನ್ನು ತಂದು ಕೂರಿಸಿದವಳು ಒಬ್ಬ ಇಂಜಿನಿಯರಮ್ಮ. ಎರಡು ದಿನ ಇದ್ದು, ಹೊರಡುವಾಗ, "ದಿನಾ ಇದನ್ನ ನೋಡಿಕೊಳ್ಳೋರು ಒಬ್ಬರು ಬೇಕು" ಎಂದಳು. ಎಲ್ಲರೂ ತಟಕ್ಕನೆ ತಮ್ಮ ಫೈಲುಗಳಲ್ಲಿ ಮುಳುಗಿದರು. ಆ ಕೋಣೆಯೊಳಗೆ ಮಾತ್ರ ತಂಪು ಯಂತ್ರ ಇದೆಯೆಂದು ತಿಳಿದು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಿದ್ದ ಅಳಿಯ ಸಿಕ್ಕಿಬಿದ್ದ.

ಅವಳು ಟೈರಿನ ಡಬ್ಬದ ರಟ್ಟೊಂದನ್ನು ಹರಿದು ಅದರ ಮೇಲೆ ಮೂರು ಕಮಾಂಡು ಬರೆದುಕೊಟ್ಟಳು. ಅಪ್‌ಟೈಮ್ ಅಂತ ಹೊಡೆದರೆ ಸರ್ವರ್ ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ, ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಅನ್ನೋದು ಬರುತ್ತೆ. ಡಿಎಫ್ ಅಂದರೆ ನೂರಕ್ಕೆ ಇಷ್ಟು ಅಂತ ಒಂದು ಸಂಖ್ಯೆ ಬರುತ್ತೆ. ಬರೀ ಡಬ್ಲ್ಯೂ ಅಂತ ಒಂದಕ್ಷರ ಹೊಡೆದರೆ ಯಾರು ಯಾವಾಗ ಒಳಗೆ ಬಂದರು, ಯಾರು ಎಷ್ಟು ಹೊತ್ತಿನಿಂದ ಕೀಲಿ ಮುಟ್ಟಿಲ್ಲ ಅನ್ನೋದು ಸಾಲಾಗಿ ಬರುತ್ತೆ.

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ. ಏನಾದ್ರೂ ವಿಚಿತ್ರ ಅನ್ನಿಸಿದ್ರೆ ಫೋನ್ ಮಾಡಿ" ಎಂದು ಇಂಜಿನಿಯರಮ್ಮ ಬಸ್ಸು ಹತ್ತಿದಳು.

ಅಳಿಯನಿಗೆ ಯಾವತ್ತೂ ಏನೂ ವಿಚಿತ್ರ ಅನ್ನಿಸಲಿಲ್ಲ. ಯಾವುದು ಸರಿ ಅಂತ ಗೊತ್ತಿದ್ದರೆ ತಾನೇ ವಿಚಿತ್ರ ಯಾವುದು ಅಂತ ಗೊತ್ತಾಗುವುದು? ಆದರೆ ಶ್ರದ್ಧೆಗೆ ಕೊರತೆ ಇರಲಿಲ್ಲ. ಒಂದು ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ 'ಸರ್ವರ್ ಆರೋಗ್ಯ' ಎಂದು ದಪ್ಪಗೆ ಬರೆದ. ಬೆಳಗ್ಗೆ ಯಂತ್ರದ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಜ್ವರ ನೋಡುತ್ತಿದ್ದ. ಹೊರಗೆ ಬಂದು, ಯಾರೂ ಕೇಳದಿದ್ದರೂ, "ಇವತ್ತು ಪರವಾಗಿಲ್ಲ. ನಿನ್ನೆ ಸ್ವಲ್ಪ ಭಾರ ಆಗಿತ್ತು, ಈಗ ಇಳಿದಿದೆ" ಎಂದು ವರದಿ ಒಪ್ಪಿಸುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡು ನಿಗಾ ಇಡುತ್ತಿದ್ದ. ಈ ನಿಗಾದ ಹೊತ್ತಿನಲ್ಲಿ ಕೋಣೆಯಿಂದ ಬರುತ್ತಿದ್ದ ಸಣ್ಣ ಗೊರಕೆಯನ್ನು ಆಫೀಸಿನವರು ಸರ್ವರಿನ ಸದ್ದು ಅಂತಲೇ ತಿಳಿದಿದ್ದರು.

ಒಂದು ಮಧ್ಯಾಹ್ನ ಚಿಲಕ ಹಾಕಲು ಮರೆತುಹೋಯಿತು. ಕಣ್ಣು ಬಿಟ್ಟರೆ ಎದುರಿಗೆ ಮ್ಯಾನೇಜರು.

"ಏನ್ರೀ ನಡೀತಿದೆ ಇಲ್ಲಿ?"

ಅಳಿಯನ ಕೈ ತಾನಾಗಿಯೇ ಕೀಲಿಮಣೆಯ ಕಡೆ ಹೋಯಿತು. ಮೂರು ಕಮಾಂಡಿನಲ್ಲಿ ಚಿಕ್ಕದು ಡಬ್ಲ್ಯೂ. ಅದನ್ನೇ ಹೊಡೆದ. ಹನ್ನೊಂದು ಸಾಲು ಹಸಿರಾಗಿ ಇಳಿದವು.

"ಎಲ್ಲರ ಮೇಲೆ ನಿಗಾ ಇಟ್ಟಿದೀನಿ ಸಾರ್."

ಮ್ಯಾನೇಜರು ಕನ್ನಡಕ ಏರಿಸಿ ಬಗ್ಗಿದರು. "ಈ ಕಾಲಂ ಏನಿದು? ಇವರದು ಮೂರು ನಿಮಿಷ, ಇವರದು ಇಪ್ಪತ್ತು, ಇವರದು ಗಂಟೆಗಟ್ಟಲೆ ಇದೆ?"

'ಕೀಲಿ ಮುಟ್ಟದೆ ಎಷ್ಟು ಹೊತ್ತಾಯಿತು' ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಿದ್ದೆಯಲ್ಲಿ ಸಿಕ್ಕಿಬಿದ್ದವನಿಗೆ ತನಗಿಂತ ದೊಡ್ಡ ಕಳ್ಳನೊಬ್ಬ ಬೇಕಿರುತ್ತಾನೆ. ಅಳಿಯ ಎದೆ ಸೆಟೆಸಿ ಹೇಳಿದ. "ಯಾರ‍್ಯಾರು ಎಷ್ಟು ಹೊತ್ತು ಕೆಲಸ ಮಾಡದೆ ಸುಮ್ಮನೆ ಕೂತಿದಾರೆ ಅನ್ನೋದು ಸಾರ್. ಸೆಕೆಂಡ್ ಸಮೇತ ತೋರಿಸುತ್ತೆ."

ಮ್ಯಾನೇಜರ ಮುಖ ಅರಳಿತು. ಪಾಪ, ಅವರೇನು ಕೆಟ್ಟವರಲ್ಲ. ಹದಿನೈದು ದಿನದಿಂದ ಅವರ ಡ್ರಾಯರಿನಲ್ಲಿ ಮುಖ್ಯ ಕಚೇರಿಯ ಒಂದು ಕಾಗದ ಕೂತಿತ್ತು. ಕಂಪ್ಯೂಟರ್ ಬಂದ ಮೇಲೆ ನಿಮ್ಮಲ್ಲಿ ಒಂದು ಹುದ್ದೆ ಹೆಚ್ಚಾಗಿದೆ, ತಿಂಗಳ ಕೊನೆಯೊಳಗೆ ಒಂದು ಹೆಸರು ಕಳಿಸಿ ಎಂದು ಅದರಲ್ಲಿತ್ತು. ಹನ್ನೊಂದು ಜನರ ಮುಖ ನೋಡಿಕೊಂಡು ಒಂದು ಹೆಸರು ಬರೆಯಲು ಅವರಿಗೆ ಕೈ ಬಂದಿರಲಿಲ್ಲ.

"ಭೇಷ್! ಇನ್ನು ನಾನು ಯಾರ ಹೆಸರೂ ಬರೀಬೇಕಾಗಿಲ್ಲ. ಯಂತ್ರವೇ ಬರೆಯುತ್ತೆ. ದಿನಾ ನಾಲ್ಕು ಗಂಟೆಗೆ ಪಟ್ಟಿ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿ. ತಿಂಗಳ ಕೊನೆಗೆ ಯಾರು ಮೇಲಿರ್ತಾರೋ ಅವರ ಹೆಸರು ಹೋಗುತ್ತೆ."

ಅವತ್ತು ನಾಲ್ಕು ಗಂಟೆಗೆ ಅಳಿಯ ಮೊದಲ ಪಟ್ಟಿ ತೆಗೆದ. ಅಚ್ಚಾಗಿ ಬಂದ ಕಾಗದ ನೋಡಿದವನಿಗೆ ಬೆವರಿಳಿಯಿತು. ಆ ತಂಪು ಕೋಣೆಯಲ್ಲಿ ಬೆವರಿದ ಮೊದಲ ಮನುಷ್ಯ ಅವನೇ. ಪಟ್ಟಿಯ ತುತ್ತತುದಿಯಲ್ಲಿ ಮಾವ ಇದ್ದರು. ಇಪ್ಪತ್ತಮೂರೂವರೆ ಗಂಟೆ.

ಪಟ್ಟಿಯ ಕಟ್ಟಕಡೆಯಲ್ಲಿ ಸೊನ್ನೆ ಸೆಕೆಂಡಿನವನು ಒಬ್ಬನಿದ್ದ. ಅದು ಅಳಿಯ. ಪಟ್ಟಿ ತೆಗೆಯಲು ಕೀಲಿ ಒತ್ತಿದವನು ಅವನೇ ಆದ್ದರಿಂದ ಎಷ್ಟು ಸಲ ತೆಗೆದರೂ ಅವನದು ಸೊನ್ನೆಯೇ. ಇದು ಅವನಿಗೂ ಹೊಳೆಯಲಿಲ್ಲ, ಮ್ಯಾನೇಜರಿಗೂ ಹೊಳೆಯಲಿಲ್ಲ. ಇಡೀ ಕಂಪನಿಯಲ್ಲಿ ಕ್ಷಣವೂ ಬಿಡುವಿಲ್ಲದೆ ದುಡಿಯುವವನು ಅಳಿಯ ಎಂದು ನೋಟಿಸ್ ಬೋರ್ಡು ಸಾರಿತು.

ಮಾವನ ಮನೆ ಮೇಲೆ, ಅಳಿಯನ ಮನೆ ಕೆಳಗೆ. ನಡುವೆ ಹದಿನಾಲ್ಕು ಮೆಟ್ಟಿಲು. ಸುದ್ದಿ ಅಳಿಯನಿಗಿಂತ ಮುಂಚಿನ ಬಸ್ಸಿನಲ್ಲೇ ಮನೆ ತಲುಪಿತ್ತು. ಅವನು ಬಾಗಿಲು ದೂಡಿದಾಗ ಅತ್ತೆ ಏಳನೇ ಮೆಟ್ಟಿಲ ಮೇಲೆ, ಹೆಂಡತಿ ಮೊದಲನೇ ಮೆಟ್ಟಿಲ ಮೇಲೆ ಕೂತಿದ್ದರು.

"ಬನ್ನಿ ಬನ್ನಿ, ಸೊನ್ನೆ ಸೆಕೆಂಡಿನವರು ಬಂದ್ರು" ಎಂದರು ಅತ್ತೆ. "ಕಾಲಿಗೆ ನೀರು ಕೊಡೇ, ಪಾಪ, ಉಸಿರಾಡೋಕೂ ಬಿಡುವಿರಲ್ಲ ಅವರಿಗೆ."

"ಅತ್ತೆ, ಅದು ನಾನು ಮಾಡಿದ್ದಲ್ಲ, ಯಂತ್ರ…"

"ಯಂತ್ರ ಗೋಡೆಗೆ ಗೋಂದು ಹಚ್ಚಿತಾ?" ಎಂದಳು ಹೆಂಡತಿ. "ಅಪ್ಪನಿಗೆ ಇನ್ನು ಎಂಟೇ ತಿಂಗಳು ಸರ್ವಿಸ್ ಇರೋದು. ಮೂವತ್ತೆರಡು ವರ್ಷ ದುಡಿದು, ಕೊನೇಗೆ ಸೋಮಾರಿ ಅನ್ನಿಸ್ಕೊಂಡು ಮನೆಗೆ ಬರಬೇಕಾ ಅವರು? ಅದೂ ಸ್ವಂತ ಅಳಿಯನ ಕೈಯಿಂದ?"

ಅಳಿಯ ನಿಂತಲ್ಲೇ ಕುಗ್ಗಿದ. ಹೆಂಡತಿ ಹೇಳಿದ್ದು ಅಕ್ಷರಶಃ ಸರಿಯಿತ್ತು. ಮಾವ ಮೇಲಿನ ಮೆಟ್ಟಿಲಿನಿಂದ ಬಗ್ಗಿ, "ನಾಳೆ ನನ್ನ ಕೆಂಪು ಪೆನ್ಸಿಲ್ ಮರೀದೆ ತಂದುಕೊಡು, ನಿನ್ನ ನೋಟ್‌ಬುಕ್ಕಿನಲ್ಲಿ ಸಿಕ್ಕಿಕೊಂಡಿದೆ" ಎಂದು ಒಳಗೆ ಹೋದರು. ಬೈದಿದ್ದರೆ ಅಳಿಯನಿಗೆ ಅವತ್ತು ಊಟವಾದರೂ ಸೇರುತ್ತಿತ್ತು.

ಮಾವ ನಿಜವಾಗಿ ಏನು ಮಾಡುತ್ತಿದ್ದರು? ಅವರ ಮೇಜಿನ ಮೇಲೆ ಹಾಸಿಗೆಯಷ್ಟು ದೊಡ್ಡ ಚೌಕುಳಿ ಕಾಗದ ಹರಡಿರುತ್ತಿತ್ತು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ನಿಲ್ದಾಣ. ಒಂದೊಂದು ಬಸ್ಸಿಗೂ ಒಂದೊಂದು ಬಣ್ಣದ ಓರೆ ಗೆರೆ. ಎರಡು ಗೆರೆ ಕೂಡಿದಲ್ಲಿ ಜನ ಒಂದು ಬಸ್ಸಿಳಿದು ಇನ್ನೊಂದು ಹತ್ತುತ್ತಾರೆ ಎಂದು ಅರ್ಥ. ಮಾವ ಅದನ್ನು ನೋಡುತ್ತ ಕೂರುತ್ತಿದ್ದರು, ಎದ್ದು ಕಿಟಕಿಯಲ್ಲಿ ನಿಲ್ಲುತ್ತಿದ್ದರು, ಮತ್ತೆ ಬಂದು ಒಂದು ಗೆರೆ ಒರೆಸುತ್ತಿದ್ದರು. ಸಂಜೆ ನಾಲ್ಕೂವರೆಗೆ, ಅಂದರೆ ಪಟ್ಟಿ ತೆಗೆದು ಅರ್ಧ ಗಂಟೆಯಾದ ಮೇಲೆ, ಒಂದೇ ಬೆರಳಲ್ಲಿ ಎರಡು ಸಾಲು ಟೈಪ್ ಮಾಡುತ್ತಿದ್ದರು. ಸರ್ವರ್ ಬಂದ ದಿನ ಒಳಗೆ ಹೋದವರು ಮತ್ತೆ ಲಾಗೌಟ್ ಕೂಡ ಮಾಡಿರಲಿಲ್ಲ. "ನಾಳೆ ಮತ್ತೆ ಬರೋನಿಗೆ ಬಾಗಿಲು ಯಾಕೆ ಹಾಕ್ಕೋಬೇಕು?" ಎನ್ನುತ್ತಿದ್ದರು.

ಮರುದಿನ ಅಳಿಯ ಪೆನ್ಸಿಲು ಕೊಡುವ ನೆಪದಲ್ಲಿ ಅವರ ಮೇಜಿಗೆ ಹೋಗಿ ಪಿಸುಗುಟ್ಟಿದ. "ಮಾವ, ಆಗಾಗ ಸುಮ್ಮನೆ ಒಂದು ಕೀಲಿ ಒತ್ತಿಬಿಡಿ. ಯಾವುದಾದ್ರೂ ಸರಿ."

"ಯಾಕೆ?"

"ಪಟ್ಟಿಗೋಸ್ಕರ."

"ಪಟ್ಟಿ ಹತ್ಕೊಂಡು ಜನ ಮನೆಗೆ ಹೋಗ್ತಾರಾ?" ಎಂದು ಮಾವ ಕಿಟಕಿ ತೋರಿಸಿದರು. ರಸ್ತೆಯಾಚೆ ಆಸ್ಪತ್ರೆ, ಅದರ ಮುಂದೆ ಬಸ್ ನಿಲ್ದಾಣ. "ಅಲ್ಲಿನ ನರ್ಸಮ್ಮಂದಿರ ಪಾಳಿ ಐದೂವರೆಗೆ ಮುಗಿಯುತ್ತೆ. ಮುಂದಿನ ಪಾಳಿಯವರಿಗೆ ಎಲ್ಲಾ ಒಪ್ಪಿಸಿ, ಓಡಿ ಬರೋಷ್ಟರಲ್ಲಿ ಐದು ನಲವತ್ತೊಂದು. ನಮ್ಮ ಬಸ್ಸು ಐದು ನಲವತ್ತಕ್ಕೆ ಬಿಟ್ಟಿರುತ್ತೆ. ಮುಂದಿನದು ಒಂದು ಗಂಟೆ ಆದ ಮೇಲೆ. ಎರಡು ನಿಮಿಷ ತಡ ಮಾಡೋಣ ಅಂದ್ರೆ ಸೇತುವೆ ಹತ್ತಿರ ಗಿರಣಿ ಬಸ್ಸು ತಪ್ಪುತ್ತೆ. ಆ ಎರಡು ನಿಮಿಷ ಎಲ್ಲಿಂದ ತರೋದು ಅಂತ ನೋಡ್ತಿದೀನಿ. ನೀನು ಹೋಗಿ ನಿನ್ನ ಜ್ವರ ನೋಡ್ಕೋ."

ಮಾವ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಪಟ್ಟಿಗೆ ಹೆದರಿದರು. ಮೊದಲು ದಾರಿ ಕಂಡುಕೊಂಡವನು ದೂರು ವಿಭಾಗದ ಗುಮಾಸ್ತ. ಪ್ರಯಾಣಿಕರ ದೂರುಗಳನ್ನು ಇಪ್ಪತ್ತು ವರ್ಷ ಕೇಳಿ ಅವನಿಗೆ ದೂರಣ್ಣ ಅಂತಲೇ ಹೆಸರು. ಅವನು ಊಟಕ್ಕೆ ಹೋಗುವಾಗ ಸ್ಟೇಪ್ಲರನ್ನು ಚುಕ್ಕಿಯ ಕೀಲಿಯ ಮೇಲೆ ಇಟ್ಟುಹೋದ. ಅವನಿಲ್ಲದಾಗ ಅವನ ಪರದೆಯ ಮೇಲೆ ಚುಕ್ಕಿಗಳ ಸೈನ್ಯ ನಡೆಯಿತು. ಅವತ್ತು ಪಟ್ಟಿಯಲ್ಲಿ ದೂರಣ್ಣ ಸೊನ್ನೆ.

ಮೂರು ದಿನದಲ್ಲಿ ಆಫೀಸಿನಲ್ಲಿ ಒಂದು ಸ್ಟೇಪ್ಲರೂ ಸ್ಟೇಪಲ್ ಹೊಡೆಯಲು ಸಿಗಲಿಲ್ಲ. ಆಮೇಲೆ ಯಾರೋ ಕೆಳಗಿಳಿದು ರಿಪೇರಿ ಶೆಡ್ಡಿನ ಮೇಸ್ತ್ರಿಯ ಹತ್ತಿರ ಕಷ್ಟ ತೋಡಿಕೊಂಡರು. ಮೇಸ್ತ್ರಿ ಸಹಾನುಭೂತಿಯುಳ್ಳ ಮನುಷ್ಯ. ಹಳೇ ಬಸ್ಸಿನ ಗಾಜು ಒರೆಸುವ ವೈಪರ್ ಮೋಟಾರನ್ನು ಬ್ಯಾಟರಿಗೆ ಕಟ್ಟಿ, ಕೈಯ ತುದಿಗೆ ರಬ್ಬರ್ ಬೆರಳು ಸಿಕ್ಕಿಸಿ, ಕೀಲಿಮಣೆಯ ಪಕ್ಕ ಕೂರಿಸಿಕೊಟ್ಟ. ಟಕ್, ಟಕ್, ಟಕ್. ನಿಮಿಷಕ್ಕೆ ಇಪ್ಪತ್ತು ಸಲ ಎಂಟರ್ ಕೀಲಿ. ವಾರದೊಳಗೆ ಒಂಬತ್ತು ಮೇಜಿನ ಮೇಲೆ ಒಂಬತ್ತು ವೈಪರು ಕೆಲಸಕ್ಕೆ ಹಾಜರು. ಮನುಷ್ಯರು ಕಾಫಿ ಕುಡಿಯುತ್ತ, "ನಿಮ್ಮದು ಸ್ವಲ್ಪ ನಿಧಾನ ಆಯ್ತು, ಎಣ್ಣೆ ಬಿಡಿಸಿ" ಎಂದು ಮಾತಾಡಿಕೊಳ್ಳುತ್ತಿದ್ದರು. ಡಿಪೋದಲ್ಲಿ ಮಾತ್ರ ಮಳೆ ಬಂದರೆ ಗಾಜು ಒರೆಸಲು ಗತಿಯಿರಲಿಲ್ಲ.

ಸರ್ವರ್ ಕೋಣೆಯಲ್ಲಿ ಕೂತ ಅಳಿಯನಿಗೆ ವೈಪರುಗಳು ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ಸಂಖ್ಯೆಗಳು. ಭಾರ ದಿನದಿಂದ ದಿನಕ್ಕೆ ಏರುತ್ತಿತ್ತು. ಡಿಎಫ್ ಹೊಡೆದರೆ, ಮೊದಲು ನೂರಕ್ಕೆ ನಲವತ್ತಿದ್ದದ್ದು ಅರವತ್ತು, ಎಪ್ಪತ್ತೆಂಟು, ತೊಂಬತ್ತೊಂದು. ಪರೀಕ್ಷೆಯಲ್ಲಿ ಯಾವತ್ತೂ ಐವತ್ತು ದಾಟದ ಅಳಿಯನಿಗೆ ಆನಂದಬಾಷ್ಪ ಬಂತು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಮ್ಯಾನೇಜರಿಗೆ ತೋರಿಸಿದ.

"ಮಾರ್ಕ್ಸಾ ಇದು?" ಎಂದರು ಮ್ಯಾನೇಜರು.

"ಅಲ್ಲದೆ ಇನ್ನೇನು ಸಾರ್? ನೂರಕ್ಕೆ ತೊಂಬತ್ತೊಂದು. ಪಟ್ಟಿ ಹಾಕಿದ ಮೇಲೆ ಆಫೀಸಿನ ಕೆಲಸ ಹೇಗೆ ಏರಿದೆ ನೋಡಿ."

ಮ್ಯಾನೇಜರು ಮುಖ್ಯ ಕಚೇರಿಗೆ ಪತ್ರ ಬರೆದರು. ತಮ್ಮ ವಿಭಾಗ ದಿನಕ್ಕೆರಡು ಅಂಕ ಏರುತ್ತಿದೆ, ಇನ್ನು ನಾಲ್ಕೈದು ದಿನಕ್ಕೆ ನೂರಕ್ಕೆ ನೂರು ಮುಟ್ಟುವ ನಿರೀಕ್ಷೆಯಿದೆ ಎಂದು.

ನಿರೀಕ್ಷೆ ಹುಸಿಯಾಗಲಿಲ್ಲ. ತಿಂಗಳ ಕೊನೆಯ ಶುಕ್ರವಾರ, ಬೆಳಗ್ಗೆ ಹತ್ತೂವರೆಗೆ, ಡಿಎಫ್ ನೂರು ತೋರಿಸಿತು. ಅಳಿಯ ಕೋಣೆಯಿಂದ ಓಡಿ ಬಂದು, "ನೂರಕ್ಕೆ ನೂರು!" ಎಂದು ಕೂಗಿದ. ಮ್ಯಾನೇಜರು ಬಿಸ್ಕತ್ತು ತರಿಸಿದರು. ಎಲ್ಲರೂ ಒಂದೊಂದು ಬಿಸ್ಕತ್ತು ಕಚ್ಚಿ ಚಪ್ಪಾಳೆ ತಟ್ಟುತ್ತಿರುವಾಗ ಹನ್ನೊಂದು ಪರದೆಯೂ ಒಟ್ಟಿಗೆ ನಿಂತುಹೋದವು. ವೈಪರುಗಳಿಗೆ ಅದು ತಿಳಿಯದೆ ಟಕ್ ಟಕ್ ಅನ್ನುತ್ತಲೇ ಇದ್ದವು.

ಅವತ್ತೇ ಸಂಜೆ ಆರಕ್ಕೆ ಹೊಸ ವೇಳಾಪಟ್ಟಿ ನಲವತ್ತು ನಿಲ್ದಾಣಗಳಿಗೆ ಹೋಗಬೇಕಿತ್ತು. ಸೋಮವಾರದಿಂದ ಬಸ್ಸುಗಳೆಲ್ಲ ಅದರ ಪ್ರಕಾರ ಓಡಬೇಕಿತ್ತು. ಅಳಿಯ ಸರ್ವರ್ ಕೋಣೆಗೆ ಓಡಿ ಅಲ್ಲಿನ ಪರದೆಯಲ್ಲಿ ಫೈಲು ತೆಗೆದು ನೋಡಿದ. ಯಂತ್ರ ತಾನಾಗಿ ಉಳಿಸಲು ಹೋದಾಗ ಜಾಗ ಸಾಲದೆ, ಮಾವ ತಿಂಗಳುಗಟ್ಟಲೆ ಕೂಡಿಸಿದ ಫೈಲು ಖಾಲಿಯಾಗಿ ಕೂತಿತ್ತು. ಒಂದಕ್ಷರವೂ ಇರಲಿಲ್ಲ.

ಇಂಜಿನಿಯರಮ್ಮನಿಗೆ ಫೋನ್ ಹಚ್ಚಿದ.

"ಡಿಎಫ್ ಎಷ್ಟಿದೆ?"

"ನೂರಕ್ಕೆ ನೂರು ಮೇಡಂ" ಎಂದ, ಆ ಗಳಿಗೆಯಲ್ಲೂ ಒಂದು ತುಣುಕು ಹೆಮ್ಮೆಯಿಂದ.

"ಸ್ವಾಮಿ, ಅದು ಮಾರ್ಕ್ಸಲ್ಲ. ಹೊಟ್ಟೆ ಎಷ್ಟು ತುಂಬಿದೆ ಅನ್ನೋದು. ತೊಂಬತ್ತಕ್ಕೇ ಫೋನ್ ಮಾಡಬೇಕಿತ್ತು ನೀವು. ಏನು ತುಂಬಿಸಿದೀರಿ ಅದಕ್ಕೆ?"

ಹುಡುಕಿದಾಗ ತಿಳಿಯಿತು. ದೂರಣ್ಣನ ಮುಂದೆ ಪರದೆಯ ಮೇಲಿದ್ದ ಪ್ರಶ್ನೆ, 'ವೇಳಾಪಟ್ಟಿಯ ಇನ್ನೊಂದು ಪ್ರತಿ ತೆಗೆಯಬೇಕೇ?' ವೈಪರು ಮೂರು ವಾರದಿಂದ ಪ್ರತಿ ಏಟಿಗೂ ಹೌದು ಎನ್ನುತ್ತ ಬಂದಿತ್ತು. ಉಳಿದ ಎಂಟು ಮೇಜಿನ ಫೈಲುಗಳಲ್ಲಿ ಖಾಲಿ ಸಾಲುಗಳೇ ಮೈಲಿಗಟ್ಟಲೆ ಹೋಗಿದ್ದವು. ಪ್ರತಿಗಳೇ ಸಾವಿರಾರು ಇವೆಯಲ್ಲ, ಅದರಲ್ಲೊಂದು ಹಿಡಿಯೋಣ ಅಂದರೆ ಅವೆಲ್ಲ ಹಳೇ ವೇಳಾಪಟ್ಟಿಯವು.

"ಆರಿಸಿ ಮತ್ತೆ ಹಾಕ್ರೀ ಆ ಯಂತ್ರಾನ!" ಎಂದು ಮ್ಯಾನೇಜರು ಕೂಗಾಡಿದರು.

"ಬೇಡ" ಎಂದಳು ಫೋನಿನಲ್ಲಿ ಇಂಜಿನಿಯರಮ್ಮ. "ಪ್ರತಿಗಳನ್ನ ಅಳಿಸಿ, ಅದು ತಾನೇ ಸುಧಾರಿಸಿಕೊಳ್ಳುತ್ತೆ. ಆದ್ರೆ ಖಾಲಿಯಾದ ಫೈಲು ವಾಪಸ್ ಬರಲ್ಲ. ಅದರಲ್ಲಿದ್ದದ್ದು ಬೇರೆ ಎಲ್ಲಾದ್ರೂ ಇದೆಯಾ?"

ಎಲ್ಲರೂ ಒಟ್ಟಿಗೆ ತಿರುಗಿ ಮಾವನ ಮೇಜನ್ನು ನೋಡಿದರು. ಅಲ್ಲಿ ವೈಪರಿರಲಿಲ್ಲ. ಹಾಸಿಗೆಯಷ್ಟು ದೊಡ್ಡ ಕಾಗದವಿತ್ತು. ಅದರ ಮೇಲೆ ಕೆಂಪು, ನೀಲಿ, ಹಸಿರು ಗೆರೆಗಳಲ್ಲಿ ಸೋಮವಾರದ ಒಂದೊಂದು ಬಸ್ಸೂ ಓಡುತ್ತಿತ್ತು.

ಮಾವ ಕನ್ನಡಕ ಒರೆಸಿಕೊಂಡು, "ಬರ್ಕೊಳ್ಳಿ" ಎಂದರು.

ಆ ಮಧ್ಯಾಹ್ನವನ್ನು ಕಂಡವರು ಈಗಲೂ ನೆನೆಸಿಕೊಳ್ಳುತ್ತಾರೆ. ವೈಪರುಗಳ ತಂತಿ ಕಿತ್ತು ಮೂಲೆಗೆ ರಾಶಿ ಹಾಕಿದರು. ಹತ್ತು ಜನ ಹತ್ತು ಮೇಜಿನಲ್ಲಿ ಪೆನ್ನು ಹಿಡಿದು ಕೂತರು. ಮಾವ ನಡುವೆ ನಿಂತು ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ಓದಿ ಹೇಳಿದರು. ಮ್ಯಾನೇಜರು ತೋಳು ಮಡಿಚಿ ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದರು. ದೂರಣ್ಣನ ಅಕ್ಷರ ಮುತ್ತಿನ ಹಾಗಿದೆ ಎಂಬುದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎಲ್ಲರಿಗೂ ತಿಳಿಯಿತು. ಐದೂ ಐವತ್ತಕ್ಕೆ ನಲವತ್ತನೇ ಪ್ರತಿ ಮುಗಿದಾಗ ಯಾರೂ ಎದ್ದು ಮನೆಗೆ ಹೊರಡಲಿಲ್ಲ, ಬೆರಳು ನೀವಿಕೊಳ್ಳುತ್ತ ನಗುತ್ತ ಕೂತರು. ಅಷ್ಟು ಖುಷಿಯಾಗಿ ಆ ಆಫೀಸು ಮತ್ತೆ ಯಾವತ್ತೂ ಕೆಲಸ ಮಾಡಲಿಲ್ಲ.

ಆಗ ಮ್ಯಾನೇಜರಿಗೆ ಡ್ರಾಯರಿನ ಕಾಗದ ನೆನಪಾಯಿತು. ಆರು ಗಂಟೆಯ ಟಪ್ಪಾಲಿಗೆ ಹೆಸರೂ ಹೋಗಬೇಕಿತ್ತು. ನೋಟಿಸ್ ಬೋರ್ಡಿನಲ್ಲಿ ಇಡೀ ತಿಂಗಳು ಮೊದಲ ಸಾಲಿನಲ್ಲಿದ್ದದ್ದು ಒಂದೇ ಹೆಸರು. ನಗು ನಿಂತಿತು.

"ನೀವೇ ಹಾಕಿದ ನಿಯಮ ಸಾರ್" ಎಂದರು ಮಾವ ಪೆನ್ಸಿಲುಗಳನ್ನು ಡಬ್ಬಿಗೆ ಜೋಡಿಸುತ್ತ. "ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಕಳಿಸಿ."

ಅಳಿಯ ಎಂದೂ ಸಭೆಯಲ್ಲಿ ಬಾಯಿ ಬಿಟ್ಟವನಲ್ಲ. ಎದ್ದು ನಿಂತ.

"ಸಾರ್, ಪಟ್ಟಿ ಸುಳ್ಳಲ್ಲ, ನಾನು ಹೇಳಿದ ಅರ್ಥ ಸುಳ್ಳು. ಆ ಕಾಲಂ ಕೀಲಿ ಮುಟ್ಟಿ ಎಷ್ಟು ಹೊತ್ತಾಯ್ತು ಅಂತಷ್ಟೇ ಹೇಳುತ್ತೆ. ತಲೆ ಓಡ್ತಿದೆಯಾ ಇಲ್ವಾ ಅಂತ ಅದಕ್ಕೇನು ಗೊತ್ತು? ಅವತ್ತು ನೀವು ಬಂದಾಗ ನಾನು ನಿದ್ದೆ ಮಾಡ್ತಿದ್ದೆ. ಮರ್ಯಾದೆ ಉಳಿಸ್ಕೊಳ್ಳೋಕೆ ಬಾಯಿಗೆ ಬಂದಿದ್ದು ಹೇಳಿದೆ. ಪಟ್ಟಿ ತೆಗೆಯೋ ಕೀಲಿ ಒತ್ತೋನು ನಾನೇ ಆದ್ದರಿಂದ ನನಗೆ ಸೊನ್ನೆ. ಇಡೀ ತಿಂಗಳು ಈ ಆಫೀಸಿನಲ್ಲಿ ನಿಜವಾಗಿ ಸುಮ್ಮನೆ ಕೂತಿದ್ದೋನು ಅಂದ್ರೆ ನಾನೊಬ್ಬನೇ. ನನ್ನ ಹೆಸರು ಬರೀರಿ."

ಮ್ಯಾನೇಜರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕೊನೆಗೆ ಬರೆದದ್ದು ಇಷ್ಟು: 'ಸರ್ವರ್ ನಿಗಾ ಎಂಬ ಹುದ್ದೆ ಅನಗತ್ಯವೆಂದು ಕಂಡುಬಂದಿದ್ದರಿಂದ ರದ್ದುಪಡಿಸಲಾಗಿದೆ.' ಅಂಥ ಹುದ್ದೆ ಕಂಪನಿಯಲ್ಲಿ ಎಂದೂ ಇರಲೇ ಇಲ್ಲ. ಇಲ್ಲದ ಹುದ್ದೆಯೊಂದನ್ನು ಕಳೆದುಕೊಂಡ ಮುಖ್ಯ ಕಚೇರಿ ಸಂತೋಷದಿಂದ ರಸೀದಿ ಕಳಿಸಿತು. ಅಳಿಯನ ಕುರ್ಚಿ ಮಾವನ ಪಕ್ಕಕ್ಕೆ ಬಂತು. ಬೆಳಗ್ಗೆ ಹತ್ತು ನಿಮಿಷ ಸರ್ವರಿನ ಜ್ವರ ನೋಡುವುದು, ಉಳಿದ ಹೊತ್ತು ಗೆರೆ ಎಳೆಯಲು ಕಲಿಯುವುದು. ಅತ್ತೆ ಏಳನೇ ಮೆಟ್ಟಿಲಿನಿಂದ ಕೆಳಗಿಳಿದು ಬಂದು ಅವನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿದರು.

ಎಂಟು ತಿಂಗಳಾದ ಮೇಲೆ ಮಾವ ನಿವೃತ್ತರಾದರು. ಭಾಷಣಗಳಾದವು, ದೂರಣ್ಣ ಅತ್ತ. ಮಾವ ಪೆನ್ಸಿಲು ಡಬ್ಬಿಯನ್ನು ಅಳಿಯನ ಕೈಗಿಟ್ಟು, "ಆ ಎರಡು ನಿಮಿಷ ಒಂದು ಸಿಗಲಿಲ್ಲ ಕಣೋ" ಎಂದು ಮೆಟ್ಟಿಲಿಳಿದು ಹೋದರು. ಆ ದಿನವೂ ಲಾಗೌಟ್ ಮಾಡುವುದು ಅವರಿಗೆ ನೆನಪಾಗಲಿಲ್ಲ.

ಮರುದಿನ ಬೆಳಗ್ಗೆ ಅಳಿಯ ಡಬ್ಲ್ಯೂ ಹೊಡೆದ. ಮಾವ ಇದ್ದರು. ಹದಿನೇಳು ಗಂಟೆ. ಸಾಲು ಮುಚ್ಚಿಬಿಡುವುದು ನಿಯಮ, ಆದರೆ ಕೈ ಬರಲಿಲ್ಲ. ಇನ್ನೊಂದು ದಿನ ಇರಲಿ ಅಂದುಕೊಂಡ. ಮಾವನ ಪರದೆಗೆ ಬಟ್ಟೆ ಹೊದಿಸಿ, ಕೀಲಿಮಣೆಯ ಮೇಲೆ 'ಮುಟ್ಟಬಾರದು' ಎಂದು ಬರೆದ ರಟ್ಟಿನ ಪೆಟ್ಟಿಗೆ ಮಗುಚಿದ. ಕರೆಂಟು ಹೋದಾಗೆಲ್ಲ ಡಿಪೋದ ಬ್ಯಾಟರಿಗಳಿಗೆ ಓಡಿದ. ಎರಡು ದಿನ, ಇನ್ನೂರು ದಿನ, ಸಾವಿರ ದಿನ. ಮ್ಯಾನೇಜರು ಬದಲಾದರು, ಉಳಿದ ಪರದೆಗಳು ಬದಲಾದವು, ದಿನಾ ಬೆಳಗ್ಗೆ ಪಟ್ಟಿಯಲ್ಲಿ ಮಾವ ಇದ್ದೇ ಇದ್ದರು. ಅವರನ್ನು ಅಲ್ಲಿ ಕಂಡರೆ ಅವನಿಗೆ ಏನೋ ಧೈರ್ಯ.

ಆರು ವರ್ಷವಾದ ಮೇಲೆ ಹೊಸ ಯಂತ್ರಗಳು ಬಂದವು. ಹಳೇ ಸರ್ವರನ್ನು ಗುರುವಾರ ಸಂಜೆ ಆರಿಸಬೇಕೆಂದು ಆದೇಶವಾಯಿತು. ಬುಧವಾರ ಅಳಿಯ ಹದಿನಾಲ್ಕು ಮೆಟ್ಟಿಲು ಹತ್ತಿ ಹೋಗಿ, "ಮಾವ, ನೀವಿನ್ನೂ ಆಫೀಸಿನಲ್ಲೇ ಇದ್ದೀರಿ. ಆರು ವರ್ಷ ಇಪ್ಪತ್ತು ದಿನ" ಎಂದ.

"ಹಾಗಾದ್ರೆ ಬರ್ತೀನಿ ಇರು" ಎಂದರು ಮಾವ.

ಗುರುವಾರ ಮಾವ ಬಸ್ಸಿನಲ್ಲೇ ಬಂದರು, ಹೇಳಿದ ನಿಮಿಷಕ್ಕೆ ಸರಿಯಾಗಿ. ಮಂಡಿನೋವು, ಮೆಟ್ಟಿಲ ಮೇಲೆ ಎರಡು ಕಡೆ ನಿಂತರು. ಅಳಿಯ ರಟ್ಟಿನ ಪೆಟ್ಟಿಗೆ ಎತ್ತಿದ, ಬಟ್ಟೆ ಸರಿಸಿದ. ಹಸಿರು ಚುಕ್ಕಿ ಇನ್ನೂ ಮಿಟುಕುತ್ತಿತ್ತು. ಮಾವ ಕೂತರು, ಕನ್ನಡಕ ಏರಿಸಿದರು, ಒಂದೇ ಬೆರಳಲ್ಲಿ ನಿಧಾನವಾಗಿ ಒಂದು ಸಾಲು ಹೊಡೆದರು.

ಅಳಿಯ ಬಗ್ಗಿ ಓದಿದ. ಆಸ್ಪತ್ರೆ ನಿಲ್ದಾಣ, ಐದು ನಲವತ್ತೆರಡು.

"ಗಿರಣಿ ಬಸ್ಸು ತಪ್ಪಲ್ವಾ ಮಾವ?"

"ತಪ್ಪಲ್ಲ. ಕೆಲಸ ಬಿಟ್ಟ ಮೇಲೆ ದಿನಾ ನಮ್ಮ ಐದು ನಲವತ್ತರ ಬಸ್ಸಿನಲ್ಲಿ ಹೋಗಿ ಬಂದು ಮಾಡ್ತಿದ್ದೆ. ಸೇತುವೆಗಿಂತ ಒಂದು ನಿಲ್ದಾಣ ಹಿಂದೆ ಡ್ರೈವರು ಇಳಿದು ಎಂಜಿನ್ನಿಗೆ ನೀರು ಹಾಕ್ತಾನೆ. ಎರಡು ನಿಮಿಷ. ಅದನ್ನ ಡಿಪೋದಲ್ಲೇ ಹಾಕಿಸಿ ಕಳಿಸು. ಮೊನ್ನೆ ತಾನೇ ಹೊಳೀತು." ಕೀಲಿಮಣೆಯಿಂದ ಬೆರಳು ತೆಗೆದು ಅವನ ಕಡೆ ನೋಡಿದರು. "ನಿನ್ನ ಪಟ್ಟಿ ತೆಗಿ, ನೋಡೋಣ."

ಅಳಿಯ ಒಳಗೆ ಹೋಗಿ ಕೊನೆಯ ಸಲ ಆ ಒಂದಕ್ಷರ ಹೊಡೆದ. ಪಟ್ಟಿಯಲ್ಲಿ ಇಬ್ಬರೇ ಇದ್ದರು. ಅಳಿಯ, ಸೊನ್ನೆ. ಮಾವ, ಸೊನ್ನೆ. ಅವನು ಅದನ್ನು ಅಚ್ಚು ಹಾಕಿ ತಂದು, ಹತ್ತಿರ ಹತ್ತಿರ ಏಳು ವರ್ಷದ ಹಿಂದೆ ಮೊದಲ ಪಟ್ಟಿ ಅಂಟಿಸಿದ ಅದೇ ಬೋರ್ಡಿಗೆ ಅಂಟಿಸಿದ. ಗೋಂದು ಹಚ್ಚುವಾಗ ಕಣ್ಣು ಮಂಜಾಗಿ ಕಾಗದ ಸ್ವಲ್ಪ ಸೊಟ್ಟಗಾಯಿತು.

ಸೋಮವಾರ ಸಂಜೆ ಇಬ್ಬರೂ ಕಿಟಕಿಯಲ್ಲಿ ನಿಂತಿದ್ದರು. ಐದು ನಲವತ್ತೊಂದಕ್ಕೆ ಆಸ್ಪತ್ರೆಯ ಬಾಗಿಲಿನಿಂದ ನರ್ಸಮ್ಮ ಒಬ್ಬಳು ಓಡುತ್ತ ಬಂದಳು. ಬಸ್ಸು ನಿಂತೇ ಇರುವುದನ್ನು ಕಂಡು, ಓಟ ನಿಲ್ಲಿಸಿ, ಚೀಲ ಸರಿಮಾಡಿಕೊಂಡು, ನಡೆದುಕೊಂಡು ಹೋಗಿ ಹತ್ತಿದಳು.